ಹೂವಿನ ಹಿಂದಿನ ಕಿವಿ

ಆಪಾ ಕಲ್ಲನ್ನು ನೆಕ್ಕುತ್ತಿದ್ದರು. ತಮಾಷೆಗೆ ಹೇಳುತ್ತಿಲ್ಲ. ಹಳೆಯ ಕಲ್ಲಿನದೋ ಮಡಕೆಯದೋ ಚೂರು ಕೈಗೆ ಬಂದರೆ ಮೊದಲು ಬೆಳಕಿಗೆ ಹಿಡಿದು ತಿರುಗಿಸಿ ನೋಡುವರು. ಆಮೇಲೆ ಕಣ್ಣು ಮುಚ್ಚಿ ನಾಲಿಗೆಯ ತುದಿಯನ್ನು ಅದಕ್ಕೆ ತಾಗಿಸುವರು. ಮಣ್ಣಿನಡಿ ಬಹುಕಾಲ ಮಲಗಿದ್ದ ಕಲ್ಲಾದರೆ ಉಪ್ಪು ಸಿಗುತ್ತದೆ, ಅಂಟು ಬಳಿದು ಹಳತು ಮಾಡಿದ್ದಾದರೆ ಬೇರೆ ರುಚಿ, ಮೂಳೆಯಾದರೆ ನಾಲಿಗೆಗೆ ಕಚ್ಚಿಕೊಳ್ಳುತ್ತದೆ ಎಂದು ಅವರ ಲೆಕ್ಕ. ತುಟಿಯ ಮೂಲೆಯಲ್ಲಿ ಸದಾ ಒಂದಿಷ್ಟು ಧೂಳು ಕೂತಿರುತ್ತಿತ್ತು. ನಾನು ಬೆಳೆದದ್ದು ಎಂಜಲು ಎಂದರೆ ಹೌಹಾರುವ ಮನೆಯಲ್ಲಿ. ಮೊದಲ ಸಲ ನೋಡಿದಾಗ ನನ್ನ ಚಹಾದ ಲೋಟವನ್ನು ಅವರ ಲೋಟದಿಂದ ದೂರ ಸರಿಸಿಟ್ಟಿದ್ದೆ.

ಇದು ಸಿಯಾಟಲ್‌ನ ಮಾತು. ಎರಡು ಸಾವಿರದ ಹತ್ತರ ದಶಕದ ನಡುಭಾಗ, ಯೆಮನ್‌ನಲ್ಲಿ ಯುದ್ಧ ಶುರುವಾಗಿತ್ತು. ಗಂಡನ ಕೆಲಸದ ಬೆನ್ನಿಗೆ ಬಂದ ನನಗೆ ಸಂಬಳ ತೆಗೆದುಕೊಳ್ಳುವ ಹಕ್ಕನ್ನು ವೀಸಾ ಕೊಟ್ಟಿರಲಿಲ್ಲ. ಕಲಿತದ್ದು ಮರೆತುಹೋಗುತ್ತದೆ ಎಂಬ ಭಯಕ್ಕೆ, ಡೆನ್ನಿ ಟ್ರಯಾಂಗಲ್ ಎಂಬ ಬಡಾವಣೆಯ ಅಂಚಿನ ಒಂದು ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿ ಬಿಟ್ಟಿ ಕೆಲಸ ಕೇಳಿಕೊಂಡು ಹೋದೆ. ಅಲ್ಲಿ ತಿಮ್ನಾ ಎಂಬ ಊರು ಡ್ರಾಯರುಗಳೊಳಗೆ ಮಲಗಿತ್ತು. ದಕ್ಷಿಣ ಅರೇಬಿಯಾದಲ್ಲಿ, ಈಗಿನ ಯೆಮನ್‌ನ ಮರಳುಗಾಡಿನ ಅಂಚಿನಲ್ಲಿ, ಕತಬಾನ್ ಎಂಬ ಹಳೆಯ ರಾಜ್ಯಕ್ಕೆ ರಾಜಧಾನಿಯಾಗಿದ್ದ ಊರು ಅದು. ಸಾಂಬ್ರಾಣಿ ಹೊತ್ತ ಒಂಟೆಗಳು ಹಾದುಹೋಗುತ್ತಿದ್ದ ದಾರಿ. ಹಿಂದೆ ಒಂದು ಸಣ್ಣ ತಂಡ ಅಲ್ಲಿ ಉತ್ಖನನ ಮಾಡಿ, ಸಿಕ್ಕ ಕಲ್ಲುಗಳನ್ನು ಅಲ್ಲಿನ ಉಗ್ರಾಣದಲ್ಲೇ ಬಿಟ್ಟು, ಶಾಸನಗಳ ಮೇಲೆ ಒದ್ದೆ ಕಾಗದ ಒತ್ತಿ ತೆಗೆದ ಪಡಿಯಚ್ಚು, ರೇಖಾಚಿತ್ರ, ಮಡಕೆಚೂರುಗಳ ಮಾದರಿಗಳನ್ನು ಇಲ್ಲಿಗೆ ತಂದಿತ್ತು. ಈಗ ಅಲ್ಲಿಗೆ ಯಾರೂ ಹೋಗುವಂತಿರಲಿಲ್ಲ. ಉಳಿದದ್ದು ಈ ಡ್ರಾಯರುಗಳು, ಅವುಗಳ ಬೀಗದ ಕೈ, ಆ ಕೈಯನ್ನು ಕೊರಳಿಗೆ ಕಟ್ಟಿಕೊಂಡ ಆಪಾ.

ಆಪಾ ಮೈಸೂರಿನವರು. ಅಕ್ಕ ಎನ್ನುವುದಕ್ಕೆ ಅವರ ಮನೆಮಾತಿನ ಪದ ಅದು. ಎಲ್ಲರೂ ಹಾಗೇ ಕರೆಯುತ್ತಿದ್ದರು. ಯೆಮನ್‌ನ ಶಾಲೆಯೊಂದರಲ್ಲಿ ಗಣಿತ ಕಲಿಸಲು ಹೋದ ಗಂಡನ ಜೊತೆ ಹೋಗಿ, ಚಿತ್ರ ಬರೆಯುವ ಕೈ ಚೆನ್ನಾಗಿದ್ದದ್ದರಿಂದ ಆ ತಂಡಕ್ಕೆ ಸೇರಿ, ಗಂಡ ತೀರಿಕೊಂಡ ಮೇಲೆ ಡ್ರಾಯರುಗಳ ಜೊತೆಗೇ ಇಲ್ಲಿಗೆ ಬಂದವರು.

ಮೊದಲ ದಿನ ನನ್ನ ಪದವಿ ಪತ್ರವನ್ನು ತಿರುವಿ ಹಿಂಬದಿಯನ್ನೂ ನೋಡಿದರು.

"ಇದು ನಿಂದೇನಾ?"

ನನಗೆ ಸಿಟ್ಟು ಬಂತು. ಇಳಕಲ್ಲಿನ ಹತ್ತಿರದ ಕ್ವಾರಿಯಲ್ಲಿ ಕಲ್ಲು ಸೀಳುತ್ತಿದ್ದವರ ಮಗಳು ನಾನು. ನಮ್ಮ ಮನೆತನದಲ್ಲಿ ಹತ್ತನೆಯ ಇಯತ್ತೆ ದಾಟಿದವರಿರಲಿಲ್ಲ. ಧಾರವಾಡದ ಹಾಸ್ಟೆಲಿನಲ್ಲಿ ಕಟಕ್ ರೊಟ್ಟಿಯನ್ನು ನೀರಲ್ಲಿ ಅದ್ದಿ ತಿಂದು ಎಂ.ಎ. ಮುಗಿಸಿದ್ದೆ. ಶಾಸನಶಾಸ್ತ್ರ ನನ್ನ ವಿಶೇಷ ವಿಷಯ.

"ನಂದೇ ರೀ. ಅನುಮಾನ ಇದ್ರ ಧಾರವಾಡಕ್ಕ ಫೋನ್ ಮಾಡ್ರಿ," ಎಂದೆ.

"ಆ ಕಡೆ ಫೋನ್ ಎತ್ತೋರು ಯಾರು ಅಂತ ನಂಗೇನು ಗೊತ್ತು? ಕಾಗದದ ಮೇಲೆ ಏನ್ ಬೇಕಾದ್ರೂ ಬರೀಬಹುದು ಕಣಮ್ಮ." ಆಮೇಲೆ ಎರಡು ಬಿಳಿಯ ಕಲ್ಲಿನ ಚೂರುಗಳನ್ನು ಮೇಜಿನ ಮೇಲಿಟ್ಟರು. "ಇದ್ರಲ್ಲಿ ಯಾವ್ದು ಅಸಲಿ?"

"ಎಡಗಡೇದು."

"ಯಾಕೆ?"

"ಅದನ್ನ ನೀವು ಮೆಲ್ಲಗ ಇಟ್ರಿ. ಇದನ್ನ ಟಕ್ ಅಂತ ಇಟ್ರಿ."

ಅವರು ಎರಡೂ ಚೂರುಗಳನ್ನು ಎತ್ತಿಟ್ಟುಕೊಂಡರು. "ಕಲ್ಲು ನೋಡು ಅಂದ್ರೆ ನನ್ನ ಕೈ ನೋಡ್ತೀಯ. ಓದೋಕೆ ಲಾಯಕ್ಕೋ ಗೊತ್ತಿಲ್ಲ, ಕಳ್ಳರನ್ನ ಹಿಡಿಯೋಕಂತೂ ಲಾಯಕ್ಕು. ನಾಳೆ ಬಾ."

ಹೀಗೆ ಶುರುವಾಯಿತು. ಅಷ್ಟು ಅನುಮಾನದ ಇನ್ನೊಬ್ಬ ಮನುಷ್ಯರನ್ನು ನಾನು ಕಂಡಿಲ್ಲ. ಹಾಲಿನ ಡಬ್ಬಿ ಆಗಷ್ಟೇ ಒಡೆದದ್ದಾದರೂ ಮೂಸದೆ ಚಹಾಕ್ಕೆ ಹಾಕುತ್ತಿರಲಿಲ್ಲ. ಕರ್ಕ್‌ಲ್ಯಾಂಡಿನ ತಮ್ಮ ಮನೆಗೆ ಬಸ್ಸಿನಲ್ಲೇ ಹೋಗಬೇಕು, ಯಾರಾದರೂ ಕಾರಿನಲ್ಲಿ ಬಿಡುತ್ತೇನೆಂದರೆ, "ಪುಕ್ಕಟೆ ಯಾಕೆ ಕರ್ಕೊಂಡು ಹೋಗ್ತಾರೆ?" ಎನ್ನುವರು. ನಮ್ಮ ಬೀದಿಯಲ್ಲಿ ಆಗ ದೊಡ್ಡ ಕಂಪನಿಗಳ ಕಟ್ಟಡಗಳಿಗೆ ಅಡಿಪಾಯ ತೋಡುತ್ತಿದ್ದರು. ಬೇಲಿಯ ಸಂದಿಗೆ ಮುಖವಿಟ್ಟು ಆ ಗುಂಡಿಗಳ ಗೋಡೆಯಲ್ಲಿ ಕಾಣುವ ಮಣ್ಣಿನ ಪದರಗಳನ್ನು ದಿಟ್ಟಿಸುತ್ತಾ ನಿಲ್ಲುವರು. "ಇಷ್ಟೆಲ್ಲ ಅಗೀತಾರೆ, ಒಬ್ಬನೂ ಒಳಗೆ ನೋಡಲ್ಲ. ಏನೋ ಮುಚ್ಚಿಡ್ತಿದಾರೆ." ಅಲ್ಲೇ ಗಾಜಿನ ಗುಮ್ಮಟಗಳು ಎದ್ದಾಗ ನಾನು ವಿಜಯಪುರದ ಗೋಳಗುಮ್ಮಟವನ್ನು ನೆನೆದೆ. ಆಪಾ ಹೇಳಿದರು: "ಗುಮ್ಮಟದ ಒಳಗೆ ಕೆಲ್ಸಕ್ಕೆ ಕೂರ್ಸಿದಾರೆ ಅಂದ್ರೆ ಹುಷಾರು ಕಣಮ್ಮ. ಒಬ್ಬ ಪಿಸುಗುಟ್ಟಿದ್ದು ಇನ್ಯಾರಿಗೆ ಕೇಳ್ಸುತ್ತೋ."

ಎಲ್ಲದಕ್ಕೂ ಅವರದು ಒಂದೇ ಪ್ರಶ್ನೆ: ಎಲ್ಲಿಂದ ಬಂತು? ನನ್ನ ಡಬ್ಬಿಯ ಶೇಂಗಾ ಚಟ್ನಿಪುಡಿ ಎಲ್ಲಿಂದ ಬಂತು, ಕಿವಿಯ ಬೆಂಡೋಲೆ ಎಲ್ಲಿಂದ ಬಂತು, ಯಾರೋ ಹೇಳಿದ ಸುದ್ದಿ ಎಲ್ಲಿಂದ ಬಂತು. "ಎಲ್ಲಿಂದ ಬಂತು ಅಂತ ಮೊದ್ಲು ಹೇಳು. ಚೆನ್ನಾಗಿದೆ ಅಂತ ಆಮೇಲೆ ಅನ್ನು," ಎನ್ನುತ್ತಿದ್ದರು.

ಆದರೆ ತಿಮ್ನಾದ ಬಗ್ಗೆ ಮಾತಾಡುವಾಗ ದನಿ ಬದಲಾಗುತ್ತಿತ್ತು. ಊರಬಾಗಿಲ ಗೋಡೆಯ ಮೇಲೆ ರಾಜಾಜ್ಞೆ ಕೆತ್ತಿದ್ದರಂತೆ. ಸಂತೆಯ ನಡುವಿನ ಕಂಬದ ಮೇಲೆ ವ್ಯಾಪಾರದ ಕಟ್ಟಳೆ: ಯಾರು ಮಾರಬಹುದು, ಯಾರಿಗೆ ತೆರಿಗೆ ಕೊಡಬೇಕು. ಏಣಿಯಂತೆ, ಕವೆಗೋಲಿನಂತೆ, ಬಳೆಯಂತೆ ಕಾಣುವ ಆ ಅಕ್ಷರಗಳನ್ನು ಅವರು ನನಗೆ ಪಡಿಯಚ್ಚಿನ ಉಬ್ಬುಗಳ ಮೇಲೆ ಬೆರಳಾಡಿಸಿ ಕಲಿಸಿದರು. ಹಳೆಯ ಕೆಲವು ಶಾಸನಗಳಲ್ಲಿ ಸಾಲು ಬಲದಿಂದ ಎಡಕ್ಕೆ ಹೋಗಿ, ಎತ್ತು ತಿರುಗಿದ ಹಾಗೆ ತಿರುಗಿ, ಎಡದಿಂದ ಬಲಕ್ಕೆ ಬರುತ್ತಿತ್ತು. ಊರ ಹೊರಗಿನ ಗುಡ್ಡದ ಸ್ಮಶಾನದಿಂದ ಬಂದ ಬಿಳಿಕಲ್ಲುಗಳ ಮೇಲೆ ಗೂಳಿಯ ಮುಖ, ಕೆಳಗೆ ಸತ್ತವರ ಹೆಸರು.

ಆ ಗೂಳಿಯ ಮುಖವೇ ಒಂದು ದಿನ ನನಗೆ ಡುವಾಲ್‌ನಲ್ಲಿ ಎದುರಾಯಿತು.

ಸಿಯಾಟಲ್ ಆಚೆಯ ಆ ಸಣ್ಣ ಊರಿನಲ್ಲಿ ನಮ್ಮ ಕಡೆಯ ಒಂದು ಮನೆಯಿತ್ತು. ಯಜಮಾನರು ದಿನಾ ರೆಡ್ಮಂಡಿಗೆ ಕಾರಿನಲ್ಲಿ ಹೋಗಿ ಬರುವ ಎಂಜಿನಿಯರು. ಅವರ ಹೆಂಡತಿಯನ್ನು ನಾನು, ನಮ್ಮ ಕಡೆ ಅತ್ತಿಗೆಗೆ ಹೇಳುವಂತೆ, ವೈನಿ ಎನ್ನುತ್ತಿದ್ದೆ. ಬಾಗಲಕೋಟೆಯವರು. ಮಣ್ಣೆತ್ತಿನ ಅಮಾವಾಸ್ಯೆಗೆ ಊಟಕ್ಕೆ ಕರೆದಿದ್ದರು. ನಮ್ಮ ಕಡೆ ಅಂದು ಮಣ್ಣಿನ ಎತ್ತು ಮಾಡಿ ಪೂಜಿಸುತ್ತಾರೆ. ವೈನಿಯ ದೇವರ ಜಗಲಿಯ ಮೇಲೆ ಮಣ್ಣಿನ ಎತ್ತು ಇರಲಿಲ್ಲ. ಬಿಳಿಯ ಕಲ್ಲಿನ ಗೂಳಿಮುಖವಿತ್ತು. ಹಣೆಗೆ ವಿಭೂತಿ, ಎರಡೂ ಕಡೆ ಚೆಂಡುಹೂ.

"ನಮ್ಮವರು ಹಳೇ ಸಾಮಾನಿನ ಅಂಗಡ್ಯಾಗ ತಂದಾರವಾ. ಬಸವಣ್ಣ ಪರದೇಶದಾಗ ಅಂಗಡ್ಯಾಗ ಕುಂತಿದ್ದ ನೋಡು, ಪಾಪ. ದಿನಾ ಹಾಲು ಎರಿತೀನಿ, ತುಪ್ಪಾ ತಿಕ್ಕತೀನಿ. ಹೆಂಗ ಹೊಳೀತಾನ."

ನಾನು ಬಗ್ಗಿದೆ. ಗೂಳಿಯ ಗಲ್ಲದ ಕೆಳಗೆ, ಅರಿಶಿನದ ಅಡಿಯಲ್ಲಿ, ಏಣಿ, ಕವೆಗೋಲು, ಬಳೆ.

ಫೋಟೋ ತೆಗೆದುಕೊಂಡೆ. ವೈನಿ ಸಂಜೆಗೆ ಹೂ ತೆಗೆದಾಗ ಬಲಗಿವಿಯ ತುದಿ ಮುರಿದಿರುವುದು ಕಂಡಿತು. "ಬರೋವಾಗನ ಹಂಗಿತ್ತು. ಅದಕ್ಕ ಆ ಕಡೆ ದಪ್ಪನ ಹೂ ಇಡ್ತೀನಿ," ಎಂದರು.

ಮಾರನೆಯ ದಿನ ಫೋನನ್ನು ಆಪಾ ಕೈಗೆ ಕೊಟ್ಟೆ. ಅವರು ನೋಡಿದರು. ಫೋನನ್ನು ಮೇಜಿನ ಮೇಲೆ ಇಟ್ಟರು. ಮೆಲ್ಲಗೆ.

"ನಕಲಿ," ಎಂದರು.

ಅಷ್ಟೇ. ಎಲ್ಲಿಂದ ಬಂತು ಎಂದು ಕೇಳಲಿಲ್ಲ. ಚಟ್ನಿಪುಡಿಗೂ ಕೇಳುವವರು ಇದಕ್ಕೆ ಕೇಳಲಿಲ್ಲ.

ಅವರು ಬೀಗ ಹಾಕದೆ ನಮಾಜಿಗೆ ಹೋದಾಗ ಸ್ಮಶಾನದ ಕಲ್ಲುಗಳ ರೇಖಾಚಿತ್ರಗಳ ಡ್ರಾಯರಿನಲ್ಲಿ ಹುಡುಕಿದೆ. ಅವರದೇ ಕೈಯ ಚಿತ್ರಗಳು. ಅದೇ ಗೂಳಿಮುಖ ಸಿಕ್ಕಿತು, ಅದೇ ಅಕ್ಷರಗಳು, ಆದರೆ ಎರಡು ಕಿವಿಯೂ ಪೂರ್ತಿ. ಆ ಸಲದ ಉತ್ಖನನದ ಫೋಟೋಗಳು ಬಿಸಿಲಿಗೆ ಹಾಳಾಗಿದ್ದವು. ಪಡಿಯಚ್ಚು ಅಕ್ಷರಗಳದ್ದಷ್ಟೇ, ಮುಖದ್ದಲ್ಲ. ಚಿತ್ರ ಅಚ್ಚಾಗಿ ಹೊರಗೆ ಹೋಗಿದ್ದರಿಂದ ಅಕ್ಷರಗಳನ್ನು ಯಾವ ಕಳ್ಳನಾದರೂ ನೋಡಿ ಕೆತ್ತಬಹುದಿತ್ತು. ಅಸಲಿಯೋ ಅಲ್ಲವೋ ಹೇಳಬೇಕಾದದ್ದು ಕಿವಿ.

ಆಪಾ ಬಂದಾಗ ಚಿತ್ರ ಇನ್ನೂ ನನ್ನ ಕೈಯಲ್ಲಿತ್ತು.

"ಇದ್ರಾಗ ಕಿವಿ ಪೂರ್ತಿ ಐತಿ ಆಪಾ. ಆದ್ರ ಅಲ್ಲಿರೋದು…"

"ಬಲಗಿವಿ ಮುರಿದಿದೆ. ಅದಕ್ಕೇ ನಕಲಿ. ಹೇಳಿದ್ನಲ್ಲ."

ಬಸ್ಸಿನಲ್ಲಿ ಕೂತು ಫೋಟೋವನ್ನು ಮತ್ತೆ ತೆಗೆದು ನೋಡಿದೆ. ಬಲಗಿವಿಯ ಮೇಲೆ ವೈನಿಯ ದಪ್ಪ ಚೆಂಡುಹೂ ಇತ್ತು. ಕಿವಿಯೇ ಕಾಣುತ್ತಿರಲಿಲ್ಲ.

ಆ ವಾರವೆಲ್ಲ ನಾನು ಅವರ ಕೈಗಳನ್ನು ನೋಡುತ್ತಿದ್ದೆ. ಕೊರಳಿನ ಬೀಗದ ಕೈ ಯಾವಾಗ ಬಿಚ್ಚುತ್ತಾರೆ, ಯಾವ ಡ್ರಾಯರು ತೆರೆಯುತ್ತಾರೆ, ಫೋನ್ ಬಂದರೆ ಯಾಕೆ ಹೊರಗೆ ಹೋಗುತ್ತಾರೆ. ಯುದ್ಧದಲ್ಲಿ ಅಲ್ಲಿನ ಕಲ್ಲುಗಳು ಲೂಟಿಯಾಗಿ ಪರದೇಶದ ಅಂಗಡಿಗಳಿಗೆ ಬರುತ್ತಿವೆ ಎಂದು ಕೇಳಿದ್ದೆ. ತರುವವರಿಗೆ ದಾರಿ ತೋರಿಸುವವರು ಯಾರಾದರೂ ಇರಬೇಕಲ್ಲ. ಅವರನ್ನು ಅನುಮಾನಿಸಿದ್ದು ತಪ್ಪು ಎಂದು ನನಗೆ ಇಂದಿಗೂ ಅನ್ನಿಸಿಲ್ಲ. ಅದನ್ನು ಕಲಿಸಿದ್ದೇ ಅವರು.

ಕೊನೆಗೆ ಅವರೇ ಕೇಳಿದರು: "ಏನಮ್ಮ, ಮತ್ತೆ ನನ್ನ ಕೈ ನೋಡ್ತಿದೀಯ?"

ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ. "ಹೂವಿನ ಹಿಂದಿದ್ದ ಕಿವಿ ನಿಮಗ ಹೆಂಗ ಕಂಡ್ತು ಆಪಾ?"

ಅವರು ಚಹಾದ ಲೋಟವನ್ನು ಕೈಯಲ್ಲೇ ತಿರುಗಿಸಿದರು, ಕುಡಿಯಲಿಲ್ಲ. ಆಮೇಲೆ, "ಡುವಾಲ್‌ಗೆ ಬಸ್ ಇದ್ಯಾ?" ಎಂದರು.

"ಶನಿವಾರ ನಾನು ಡ್ರೈವ್ ಮಾಡ್ತೀನಿ. ಪುಕ್ಕಟೆ."

ಬಂದರು. ಹಿಂದಿನ ಸೀಟಿನಲ್ಲಿ, ಚೀಲವನ್ನು ತೊಡೆಯ ಮೇಲೆ ಅಪ್ಪಿಕೊಂಡು. ದಾರಿ ಹೇಳುವ ಫೋನಿನ ದನಿ ಕೇಳಿ, "ಆ ಹೆಂಗಸು ಹೇಳಿದ ಕಡೆಗೆಲ್ಲ ತಿರುಗಿಸ್ತೀಯಲ್ಲ, ಅವಳು ಆ ಊರು ನೋಡಿದಾಳಾ?" ಎಂದರು. ಕಣಿವೆಯ ಹೊಲಗಳು ಕಾಣತೊಡಗಿದಾಗ ಅದೇ ದನಿಯಲ್ಲಿ ಇನ್ನೊಂದು ಮಾತು ಹೇಳಿದರು: "ಆ ಫೋಟೋ ಕೊಟ್ಟು ನಿನ್ನ ಯಾರೋ ಕಳ್ಸಿದಾರೆ ಅಂದ್ಕೊಂಡಿದ್ದೆ. ನನ್ನ ಬಾಯಿಂದ ಏನಾದ್ರೂ ಹೊರಡ್ಸೋಕೆ."

ಇಬ್ಬರೂ ಇಬ್ಬರನ್ನು ಅನುಮಾನಿಸುತ್ತಾ ಒಂದೇ ಕೋಣೆಯಲ್ಲಿ ಚಹಾ ಕುಡಿದಿದ್ದೆವು.

ವೈನಿ ಬಾಗಿಲಲ್ಲೇ ನಿಂತಿದ್ದರು. "ಬರ್ರಿ ಆಪಾರ, ಒಳಗ ಬರ್ರಿ. ಬಸವಣ್ಣನ್ನ ನೋಡಾಕ ಬಂದೀರಂತ."

ಆಪಾ ಚಪ್ಪಲಿ ಬಿಟ್ಟು, ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು, ಜಗಲಿಯ ಮುಂದೆ ನಿಂತರು. "ಮುಟ್ಟಬಹುದಾ?"

"ಮುಟ್ರಿ. ಬಸವಣ್ಣ ಎಲ್ಲಾರಿಗೂ ಬೇಕಾದಾಂವ."

ಆಪಾ ಬಲಗಡೆಯ ಹೂ ಎತ್ತಿದರು. ಮುರಿದ ಜಾಗದಲ್ಲಿ ಹೆಬ್ಬೆರಳಿಟ್ಟರು. ಆಮೇಲೆ ಕಣ್ಣು ಮುಚ್ಚಿ, ಬಗ್ಗಿ, ಗೂಳಿಯ ಕೆನ್ನೆಗೆ ನಾಲಿಗೆ ತಾಗಿಸಿದರು.

"ಅಯ್ಯ ಶಿವನ, ದೇವರಿಗೆ ಎಂಜಲಾ ಹಚ್ಚಿದ್ರಲ್ರಿ," ಎಂದು ವೈನಿ ಬಾಯಿಯ ಮೇಲೆ ಕೈ ಇಟ್ಟುಕೊಂಡರು.

ಆಪಾ ನಾಲಿಗೆ ಚಪ್ಪರಿಸಿದರು. "ಉಪ್ಪು ಇಲ್ಲ. ತೊಳೆದು ಹೋಗಿದೆ. ಬರೀ ತುಪ್ಪ. ಒಳ್ಳೇ ತುಪ್ಪ ಇದು, ಅಂಗಡೀದಲ್ಲ."

"ಮನ್ಯಾಗ ಕಾಸಿದ್ದ್ರಿ," ಎಂದರು ವೈನಿ, ಆ ಗಾಬರಿಯಲ್ಲೂ.

ಹಾಲು, ತುಪ್ಪ, ಅರಿಶಿನ ಸೇರಿ ಆ ಕಲ್ಲಿನ ಮೈಮೇಲಿದ್ದ ಮಣ್ಣಿನ ಸಾಕ್ಷಿಯನ್ನೆಲ್ಲ ಅಳಿಸಿಬಿಟ್ಟಿದ್ದವು. ಇನ್ನು ಯಾವ ನಾಲಿಗೆಯೂ ಅದರಿಂದ ಏನನ್ನೂ ಹೊರಡಿಸಲಾರದು. ಆಪಾ ಅಡುಗೆಮನೆಯ ಕುರ್ಚಿಯಲ್ಲಿ ಕೂತರು. ಕೂತು ಹೇಳಿದರು.

ಆ ಕಲ್ಲಿನ ಪಡಿಯಚ್ಚು ತೆಗೆದವರು ಅವರೇ. ಒದ್ದೆ ಕಾಗದವನ್ನು ಅಕ್ಷರಗಳ ಮೇಲೆ ಹೊದಿಸಿ ಬಿರುಸು ಕೂದಲ ಬ್ರಷ್ಷಿನಿಂದ ಬಡಿಯುತ್ತಾರೆ. ಬಡಿಯುವಾಗ ಕೈ ಜಾರಿ ಬ್ರಷ್ಷಿನ ಮರದ ಬೆನ್ನು ಕಿವಿಗೆ ತಾಗಿತು. ಮೆತ್ತನೆಯ ಕಲ್ಲು, ತುದಿ ಎಗರಿತು. ಸುತ್ತ ಯಾರೂ ಇರಲಿಲ್ಲ. ತಂಡದಲ್ಲಿ ಅವರದು ಹಂಗಾಮಿ ಕೆಲಸ, ಗಂಡನಿಗೆ ಆಗಲೇ ಕಾಯಿಲೆ. ಸಂಜೆ ಚಿತ್ರ ಬರೆಯಲು ಕೂತಾಗ ಕಿವಿಯನ್ನು ಪೂರ್ತಿ ಬರೆದರು. ಕಲ್ಲು ಉಗ್ರಾಣದ ಕತ್ತಲೆಗೆ ಹೋಯಿತು. ಚಿತ್ರ ಲೋಕಕ್ಕೆಲ್ಲ ಹೋಯಿತು.

"ಅಂದ್ರ ಇದು ಅಸಲಿ," ಎಂದೆ.

"ಕಲ್ಲು ಅಸಲಿ. ನನ್ನ ಚಿತ್ರ ನಕಲಿ."

"ಎಲ್ಲಿಂದ ಬಂತು ಅಂತ ನೀವು ಅವತ್ತು ಕೇಳಲೇ ಇಲ್ಲ."

"ಗೊತ್ತಿರೋರು ಕೇಳಲ್ಲ ಕಣಮ್ಮ."

ಬಾಗಿಲಿಗೆ ಒರಗಿ ಕೇಳುತ್ತಿದ್ದ ವೈನಿಯ ಯಜಮಾನರು ಮುಂದೆ ಬಂದರು. "ನಮ್ಮ ಹಂತ್ಯಾಕ ರಸೀದಿ ಐತ್ರಿ. ಗ್ರೀನ್ ಕಾರ್ಡ್ ಫೈಲ್ ನಡದೈತಿ. ಇದನ್ನ ಹೊರಗ ಹೇಳೂದು ಬ್ಯಾಡ್ರಿ."

"ನಿಮ್ಮ ಹತ್ರ ಆಮೇಲೆ ಬರ್ತಾರಪ್ಪ," ಎಂದರು ಆಪಾ. "ಮೊದ್ಲು ನನ್ನ ಹೆಸರು ಓದ್ತಾರೆ. ತಲೆ ಮೇಲಿನ ಬಟ್ಟೆ ನೋಡ್ತಾರೆ. ಇವಳು ಅಲ್ಲಿದ್ದೋಳು, ಬೀಗದ ಕೈ ಇವಳ ಹತ್ರ ಇದೆ, ಸುಳ್ಳು ಚಿತ್ರ ಬರೆದೋಳೂ ಇವಳೇ. ನಾನೇ ಪೊಲೀಸಾಗಿದ್ರೆ ನನ್ನನ್ನೇ ಹಿಡೀತಿದ್ದೆ. ನಕಲಿ ಅಂದ್ರೆ ಎಲ್ಲ ಇಲ್ಲಿಗೇ ಮುಗಿಯುತ್ತೆ. ಚಿತ್ರವೂ ಅದನ್ನೇ ಹೇಳುತ್ತೆ."

ಆಮೇಲೆ ವೈನಿ ಕೇಳಿದರು: "ಅದರ ಮ್ಯಾಲೆ ಏನ್ ಬರದೈತ್ರಿ?"

"ಒಬ್ಬ ಹೆಂಗಸಿನ ಹೆಸರು. ಅವಳ ಮನೆತನದ ಹೆಸರು. ಇದು ಬಸವಣ್ಣ ಅಲ್ಲಮ್ಮ. ಸಮಾಧಿ ಕಲ್ಲು."

ವೈನಿ ಜಗಲಿಯತ್ತ ನೋಡಿದರು. ಅಳುತ್ತಾರೇನೋ ಎಂದುಕೊಂಡೆ. ಅಳಲಿಲ್ಲ. "ಸತ್ತಾಕಿಗೆ ಹಾಲು ಎರದೆ ಅಂದಂಗಾತು. ಎರದದ್ದು ಚಲೋನ ಆತು ಬಿಡ್ರಿ. ಸತ್ತವರಿಗೂ ಎಡಿ ಇಡತೀವಲ್ಲ. ಪಾಪ, ಆಕಿಗೆ ಇಷ್ಟು ದಿನ ಯಾರು ಇಟ್ಟಿದ್ರೋ." ಗಂಡನ ಕಡೆ ತಿರುಗಿದರು. "ಆಕಿ ಮನೀಗೆ ಆಕಿ ಹೋಗ್ಲಿ. ಒಬ್ಬರ ಗೋರಿ ಕಲ್ಲು ಮನ್ಯಾಗ ಇಟ್ಕೊಂಡು ನಾ ಹೆಂಗ ಉಣ್ಣಲಿ?"

ವಾಪಸು ಬರುವಾಗ ಆಪಾ ಮುಂದಿನ ಸೀಟಿನಲ್ಲಿ ಕೂತರು. ಕಣಿವೆ ದಾಟಿದ ಮೇಲೆ ಹೇಳಿದರು: "ನಾನು ಬಾಯಿ ಮುಚ್ಕೊಂಡು ಸತ್ರೆ ಆ ಹೆಂಗಸು ಖಾಯಂ ನಕಲಿ ಆಗ್ಬಿಡ್ತಾಳೆ. ನನ್ನ ಒಂದು ಕಿವಿಗೋಸ್ಕರ." ಆಮೇಲೆ, "ಬರ್ಕೋ, ಕನ್ನಡದಲ್ಲಿ ಹೇಳ್ತೀನಿ. ಇಂಗ್ಲಿಷಲ್ಲಿ ಹೇಳಿದ್ರೆ ನನಗೇ ಅದು ಬೇರೆ ಯಾರದ್ದೋ ಕತೆ ಥರ ಕೇಳ್ಸುತ್ತೆ."

ಹೇಳಿದರು. ನಾನು ಇಂಗ್ಲಿಷಿಗೆ ತಂದೆ. ಅವರು ಪ್ರತಿ ವಾಕ್ಯವನ್ನೂ ಎರಡೆರಡು ಸಲ ಓದಿಸಿ, "ಇದು ನಾನು ಹೇಳಿದ್ದೇನಾ?" ಎಂದು ಕೇಳಿ ಸಹಿ ಹಾಕಿ, ಪೊಲೀಸರಿಗೂ ತಂಡದವರಿಗೂ ಕಳಿಸಿದರು. ವಿಚಾರಣೆಗೆ ಬಂದವರು ಆಪಾ ಮೊದಲೇ ಹೇಳಿದ್ದ ಕ್ರಮದಲ್ಲೇ ಕೇಳಿದರು: ಮೊದಲು ಹೆಸರು, ಆಮೇಲೆ ಯೆಮನ್, ಆಮೇಲೆ ಬೀಗದ ಕೈ. ಕಿವಿಯ ಮಾತು ಬಂದದ್ದು ಕೊನೆಗೆ. ಆಪಾ ಮೇಲೆ ಯಾವ ಆರೋಪವೂ ನಿಲ್ಲಲಿಲ್ಲ, ವೈನಿಯ ಮನೆಯವರಿಗೂ ತೊಂದರೆಯಾಗಲಿಲ್ಲ. ಕಲ್ಲನ್ನು ಒಯ್ದು ಯುದ್ಧ ಮುಗಿಯುವವರೆಗೆ ಕಾಪಾಡುತ್ತೇವೆಂದರು. ಅದು ತಿರುಗಿ ಹೋಯಿತೇ ಎಂದು ನನಗೆ ತಿಳಿದಿಲ್ಲ. ಮುಂದಿನ ಅಮಾವಾಸ್ಯೆಗೆ ವೈನಿ ಸ್ನೋಕ್ವಾಲ್ಮಿ ಹೊಳೆಯ ದಂಡೆಯಿಂದ ಮಣ್ಣು ತಂದು ತಾವೇ ಎತ್ತು ಮಾಡಿದರು. ಒಂದರ ಕಿವಿ ಒಣಗುವಾಗ ಬಿದ್ದುಹೋಯಿತು. ಹೂ ಇಟ್ಟು ಮುಚ್ಚಲಿಲ್ಲ.

ಆದರೆ ಆಪಾಗೆ ಪೆಟ್ಟು ಬೇರೆ ಕಡೆಯಿಂದ ಬಿತ್ತು. ಒಂದು ಚಿತ್ರ ಸುಳ್ಳಾದರೆ ಉಳಿದವುಗಳ ಗತಿಯೇನು ಎಂದು ತಂಡದ ಹಳಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಅವರ ಬದುಕಿನ ಕೆಲಸವೆಲ್ಲ ಅನುಮಾನದ ಕೆಳಗೆ ಬಂತು. ನಾನು ಸಮಾಧಾನ ಹೇಳಲು ಹೋದೆ. ಅವರು ಕೊರಳಿನಿಂದ ದಾರ ತೆಗೆದು ಬೀಗದ ಕೈಯನ್ನು ನನ್ನ ಮುಂದಿಟ್ಟರು. ಟಕ್ ಎಂದು.

"ಒಂದೊಂದೇ ಚಿತ್ರ ತೆಗಿ. ಪಡಿಯಚ್ಚಿನ ಪಕ್ಕ ಇಡು, ಫೋಟೋ ಉಳಿದಿದ್ರೆ ಅದ್ರ ಪಕ್ಕ ಇಡು. ನನ್ನ ಕೇಳ್ಬೇಡ, ನನ್ನ ಮೇಲೆ ಅನುಮಾನ ಪಡು. ಅದು ನಿಂಗೆ ಚೆನ್ನಾಗಿ ಬರುತ್ತೆ."

ಪಟ್ಟೆ. ಅವರು ಎದುರಿಗೆ ಕೂತು ಚಹಾ ಕುಡಿಯುತ್ತಾ ನನ್ನ ಮುಖ ನೋಡುತ್ತಿದ್ದರು. ಒಂದು ಗೆರೆ ಸಂಶಯವಾದರೂ ಭೂತಗನ್ನಡಿ ತೆಗೆದೆ. ಈ ಕೆಲಸ ಮುಗಿಯುವ ಹೊತ್ತಿಗೆ ಅವರಿಗೆ ಮೆಟ್ಟಿಲಿಳಿದು ಬರುವುದು ಕಷ್ಟವಾಗಿತ್ತು. ಕರ್ಕ್‌ಲ್ಯಾಂಡಿಗೆ ಹೋಗಿ, ಆ ಕಿವಿಯೊಂದನ್ನು ಬಿಟ್ಟು ಬೇರೆ ಸುಳ್ಳು ಸಿಗಲಿಲ್ಲ ಎಂದೆ.

"ಸರಿಯಾಗಿ ಹುಡುಕಿದ್ಯಾ?"

"ಹುಡುಕೀನಿ."

"ನಿಂದೇನಾ ಈ ಮಾತು, ಇಲ್ಲ ನನ್ನ ಖುಷಿಗೆ ಹೇಳ್ತಿದೀಯಾ?"

"ನಂದೇ ರೀ. ಅನುಮಾನ ಇದ್ರ ಧಾರವಾಡಕ್ಕ ಫೋನ್ ಮಾಡ್ರಿ."

ನಕ್ಕರು. ಅವರು ಹಲ್ಲು ಕಾಣುವ ಹಾಗೆ ನಕ್ಕದ್ದನ್ನು ಅದೊಂದೇ ಸಲ ನೋಡಿದ್ದು.

ತಿದ್ದುಪಡಿಯ ಟಿಪ್ಪಣಿ ಅಚ್ಚಾಯಿತು. ಪರಿಶೀಲಿಸಿದವರು ಎಂದು ನನ್ನ ಹೆಸರು, ಅದರ ಹಿಂದೆ ಅಪ್ಪನ ಹೆಸರು. ನಮ್ಮ ಮನೆತನದ ಹೆಸರು ಪುಸ್ತಕವೊಂದರಲ್ಲಿ ಅಚ್ಚಾದದ್ದು ಅದೇ ಮೊದಲು. ಆಪಾ ಆ ಪುಟವನ್ನು ಕಣ್ಣಿಗೆ ಹತ್ತಿರ ಹಿಡಿದು, ನನ್ನ ಹೆಸರಿನ ಮೇಲೆ ಬೆರಳಾಡಿಸಿ, "ಇದು ಅಸಲಿ," ಎಂದರು. ಆ ಚಳಿಗಾಲ ದಾಟಲಿಲ್ಲ.

ಕಳೆದ ವರ್ಷ ಅವರ ಗೋರಿಗೆ ಒಂದು ಸಣ್ಣ ಕಲ್ಲು ನಿಲ್ಲಿಸಿದರು. ಕೆಂಪು ಗ್ರಾನೈಟು. ಕಲ್ಲಿನ ಅಂಗಡಿಯವನನ್ನು ಎಲ್ಲಿಂದ ಬಂತು ಎಂದು ಕೇಳಿದೆ. ಇಂಡಿಯಾದಿಂದ ಎಂದ. ಇಂಡಿಯಾದಲ್ಲಿ ಎಲ್ಲಿಂದ ಎಂದೆ. ಅವನಿಗೆ ಗೊತ್ತಿರಲಿಲ್ಲ. ಅಪ್ಪ ಸೀಳುತ್ತಿದ್ದ ಕಲ್ಲಿಗೂ ಅದೇ ಬಣ್ಣ. ಇಳಕಲ್ಲಿನದೇ ಎಂದು ಇಲ್ಲಿ ಬರೆದರೆ 'ಅಲ್ಲ' ಎನ್ನುವವರು ಯಾರೂ ಇಲ್ಲ. ಸುತ್ತ ಯಾರೂ ಇರಲಿಲ್ಲ. ಗೋರಿಯ ಮುಂದೆ ಬಗ್ಗಿ, ಕಣ್ಣು ಮುಚ್ಚಿ, ನಾಲಿಗೆಯ ತುದಿ ತಾಗಿಸಿದೆ. ಮಳೆನೀರು ಸಿಕ್ಕಿತು. ಅಷ್ಟನ್ನೇ ಬರೆಯುತ್ತಿದ್ದೇನೆ.